ಮನೆಯ ಹಿತ್ತಿಲು: ಅಂಜೂರದ ಕಡ್ಡಿಗೆ ಬೇರು ಬರಿಸುವ ಕ್ರಮ

ಕಳೆದ ಸಂಚಿಕೆಯಲ್ಲಿ ನುಗ್ಗೆಯ ಮರವನ್ನು ಕುರಿತು ನಾವು ಬರೆದುದನ್ನು ಓದಿದ ಸೋದರಿಯರು ಹಲವರು, ಅಂಜೂರದ ವಿಷಯವನ್ನೂ ತಿಳಿಸಬೇಕೆಂದು ಕೇಳಿಕೊಂಡಿದ್ದಾರೆ. ಅವರ ಪ್ರಶ್ನೆಗಳಲ್ಲಿ ಮುಖ್ಯವಾದುವು ಎರಡು. ಅಂಗಡಿಯಿಂದ ತಂದ ಒಣ ಅಂಜೂರದ ಬೀಜವನ್ನು ಬಿತ್ತಿದರೆ ಗಿಡವಾಗುವುದೆ ಎಂಬುದು ಮೊದಲನೆಯದು. ನೆಟ್ಟ ಕಡ್ಡಿಯು ಚೆನ್ನಾಗಿ ಚಿಗುರಿ, ಒಂದು ತಿಂಗಳಾಗುವುದರೊಳಗೆ ಒಣಗಿಹೋಗುವುದೇಕೆ ಎಂಬುದು ಎರಡನೆಯದು. ಈ ಎರಡನೆಯ ಪ್ರಶ್ನೆಗೆ ನಾವು ತಲೆ ತಗ್ಗಿಸಿಯೇ ಉತ್ತರ ಹೇಳಬೇಕಾಗಿದೆ. ಏಕೆಂದರೆ ಆ ತಪ್ಪನ್ನು ಮಾಡಿದವರಲ್ಲಿ ನಾವೂ ಒಬ್ಬರು, ಮತ್ತು ಅದರ ಬೆಲೆಯನ್ನು ಸಣ್ಣದಾಗಿ ತೆತ್ತವರಲ್ಲ.

ನಮ್ಮ ತವರು ಗಾದಿಗನೂರು. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲುದಾರಿಯಲ್ಲಿ ಇಳಿದುಕೊಳ್ಳಬಹುದಾದ ಊರು ಅದು; ೨೦೨೧ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗೆ ಸೇರಿದೆ. ತೆಂಕಣಕ್ಕೆ ಸಂಡೂರಿನ ಗುಡ್ಡಗಳು ಕೆಂಪಗೆ ಕಾಣುತ್ತವೆ. ಮಳೆ ಕಡಮೆ, ಬಿಸಿಲು ಹೆಚ್ಚು. ಚೈತ್ರ ವೈಶಾಖಗಳಲ್ಲಿ ಉಷ್ಣಮಾಪಕದ ಪಾದರಸವು ೪೦ ಡಿಗ್ರಿಯನ್ನು ದಾಟುವುದುಂಟು. ಅಂತಹ ಊರಿನಲ್ಲಿ ನಮ್ಮ ಅವ್ವನವರು ಬಚ್ಚಲ ನೀರು ಹರಿಯುವೆಡೆಯಲ್ಲಿ ಒಂದು ಅಂಜೂರದ ಮರವನ್ನು ಬೆಳೆಸಿದ್ದರು. ಶಿವರಾತ್ರಿ ಕಳೆಯಿತೆಂದರೆ ಹಣ್ಣು ಆರಂಭ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಿಗೆ ಮೊದಲು, ಓದುವ ಹುಡುಗರಿಗೆ ಆಮೇಲೆ, ಮಿಕ್ಕದ್ದು ಗಿಳಿಗಳಿಗೆ. ಇದು ಅವ್ವನವರು ಮಾಡಿದ್ದ ಕಟ್ಟಳೆ. ತಮಗೆಂದು ಅವರು ಒಂದು ಹಣ್ಣನ್ನು ಕಿತ್ತುದನ್ನು ನಾವು ಕಂಡಿಲ್ಲ.

ಅವ್ವನವರು ತೀರಿಕೊಂಡ ತರುವಾಯ ಮನೆ ಪಾಲಾಯಿತು. ಹಿತ್ತಿಲು ಕಿರಿಯ ತಮ್ಮನ ಭಾಗಕ್ಕೆ ಬಂದಿತು. ಅವನಿಗೆ ಸಂಸಾರ ದೊಡ್ಡದು; ಅಲ್ಲಿ ಎರಡು ಕೋಣೆಗಳನ್ನು ಕಟ್ಟಿಸದೆ ಗತಿಯಿರಲಿಲ್ಲ. ಆದರೂ ಅವನು, "ಅಕ್ಕಾ, ಯುಗಾದಿಯ ತನಕ ಮರ ಮುಟ್ಟುವುದಿಲ್ಲ. ಅಷ್ಟರೊಳಗೆ ಅವ್ವನ ಗಿಡದ ಕಡ್ಡಿ ಹತ್ತಿಸಿಕೊ. ಹತ್ತಿತೆಂದು ನೀನು ಹೇಳಿದ ಮೇಲೆಯೇ ಕಡಿಸುತ್ತೇನೆ" ಎಂದನು. ಇದಕ್ಕಿಂತ ಹೆಚ್ಚಿನ ಔದಾರ್ಯವನ್ನು ಯಾರು ತಾನೆ ಬಯಸಲಾದೀತು? ಇದು ಐದು ವರ್ಷದ ಹಿಂದಿನ ಪುಷ್ಯಮಾಸದ ಮಾತು.

ನಾವು ಹನ್ನೆರಡು ಕಡ್ಡಿಗಳನ್ನು ತಂದು, ತೂತಿಲ್ಲದ ಎಣ್ಣೆಯ ಡಬ್ಬಿಗಳಲ್ಲಿ ಹೊಲದ ಕರಿಮಣ್ಣನ್ನೂ ಹಸಿ ಸಗಣಿಯನ್ನೂ ತುಂಬಿ ನೆಟ್ಟೆವು. ಬೆಳಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರೆರೆದೆವು. ಹದಿನೆಂಟನೆಯ ದಿನ ಎಲ್ಲ ಕಡ್ಡಿಗಳ ತುದಿಯಲ್ಲಿಯೂ ಹಸುರು ಕಣ್ಣು ಒಡೆಯಿತು. ತಿಂಗಳಾಗುವಷ್ಟರಲ್ಲಿ ಅಂಗೈಯಗಲದ ಎಲೆಗಳು ಮೂಡಿದುವು. ಹಿಗ್ಗಿನಿಂದ ತಮ್ಮನಿಗೆ ದೂರವಾಣಿಯಲ್ಲಿ ಹೇಳಿದೆವು: "ಹನ್ನೆರಡಕ್ಕೆ ಹನ್ನೆರಡೂ ಹತ್ತಿವೆ." ಯುಗಾದಿಗೆ ಒಂದು ವಾರವಿರುವಾಗ ಮರ ಉರುಳಿತು. ಬುನಾದಿಗಾಗಿ ಬುಡವನ್ನೂ ಅಗೆದು ತೆಗೆದರು. ಯುಗಾದಿಯಾಗಿ ಎರಡು ವಾರಕ್ಕೆ ನಮ್ಮ ಎಲೆಗಳು ಒಂದೊಂದಾಗಿ ಜೋತುಬಿದ್ದುವು. ಕಿತ್ತು ನೋಡಿದರೆ ಹನ್ನೆರಡರಲ್ಲಿ ಒಂದಕ್ಕೂ ಕೂದಲೆಳೆಯಷ್ಟು ಬೇರಿಲ್ಲ. ಮಣ್ಣಿನೊಳಗಿನ ಭಾಗವೆಲ್ಲ ಕಪ್ಪಾಗಿ ಕೊಳೆತಿತ್ತು. ತಮ್ಮನಿಗೆ ಇದನ್ನು ತಿಳಿಸಿದಾಗ ಅವನು ಬಹಳ ಹೊತ್ತು ಮಾತನಾಡಲಿಲ್ಲ. "ನೀನು ಹೇಳಿದೆಯೆಂದೇ ಕಡಿಸಿದೆನಲ್ಲ, ಅಕ್ಕಾ" ಎಂದಷ್ಟೆ ಅಂದನು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ನಮಗಾಗಿಯೇ ಹುಟ್ಟಿತೆಂದು ಆ ದಿನ ತೋರಿತು.

ಈಗ ಕಾರಣವನ್ನು ವಿಚಾರಿಸೋಣ. ಕಡ್ಡಿಯು ತನ್ನ ತಾಯಿಮರದಿಂದ ಬರುವಾಗಲೇ ಸ್ವಲ್ಪ ಆಹಾರವನ್ನೂ ನೀರನ್ನೂ ಬುತ್ತಿಯಂತೆ ತನ್ನೊಳಗೆ ತರುತ್ತದೆ. ಮೊದಲು ಕಾಣುವ ಎಲೆಗಳು ಆ ಬುತ್ತಿಯಿಂದಲೇ ಹುಟ್ಟಿದುವು, ಬೇರಿನಿಂದಲ್ಲ. ಎಲೆ ಬಿಚ್ಚಿದೊಡನೆ ನೀರು ಆವಿಯಾಗತೊಡಗುತ್ತದೆ. ಕೆಳಗೆ ಬೇರಿಲ್ಲದಿದ್ದರೆ ಬುತ್ತಿ ಮುಗಿದ ದಿನವೇ ಗಿಡದ ಕೊನೆಯ ದಿನ. ಆದುದರಿಂದ ಎಲೆಯನ್ನು ಕಂಡು ಬೇರು ಬಂದಿತೆಂದು ನಂಬಲಾಗದು. ನೀರು ತುಂಬಿ ನಿಂತ ಮಣ್ಣಿನಲ್ಲಿಯಾದರೋ ಬೇರಿಗೆ ಬೇಕಾದ ಗಾಳಿಯೇ ದೊರೆಯದು. ಹಸಿ ಸಗಣಿಯು ಕೊಳೆಯುವಾಗ ಕಡ್ಡಿಯ ಗಾಯವನ್ನೂ ಕೊಳೆಯಿಸುತ್ತದೆ. ನಾವು ನೀರಿಲ್ಲದೆ ಕೊಂದವರಲ್ಲ, ನೀರೆರೆದು ಕೊಂದವರು.

ಮೊದಲನೆಯ ಪ್ರಶ್ನೆಗೆ ಬರೋಣ. ಅಂಜೂರವು ನಮ್ಮ ಅತ್ತಿ, ಆಲ, ಅರಳಿ, ಬಸರಿಗಳ ಸೋದರ ಜಾತಿ. ಹಲಸೂ ಹಿಪ್ಪುನೇರಳೆಯೂ ದೂರದ ನಂಟರು. ಎಲ್ಲಿಯೂ ಕಾಣದ ವಸ್ತುವನ್ನು ಅತ್ತಿಯ ಹೂವೆಂದು ನಮ್ಮವರು ಹೇಳುವುದುಂಟಷ್ಟೆ. ಹೂವು ಇಲ್ಲವೆಂದಲ್ಲ, ನಾವು ಹಣ್ಣೆಂದು ಕರೆಯುವುದರ ಒಳಗೋಡೆಗೆ ಅಂಟಿಕೊಂಡು ನೂರಾರು ಸಣ್ಣ ಹೂಗಳು ಅಡಗಿವೆ. ಕೆಲವು ಜಾತಿಯ ಅಂಜೂರಗಳಲ್ಲಿ ಒಂದು ಬಗೆಯ ಅತಿಸಣ್ಣ ಕಣಜವು ಒಳಹೊಕ್ಕು ಪರಾಗವನ್ನು ತಲಪಿಸಿದ ಹೊರತು ಕಾಯಿ ನಿಲ್ಲುವುದಿಲ್ಲ. ಒಣಗಿಸಿ ಮಾರುವ ಹೆಸರಾಂತ ಸ್ಮಿರ್ನಾ ಜಾತಿಯು ಇಂತಹುದು. ನಮ್ಮ ಕಡೆಯಲ್ಲಿ ಬೆಳೆಯುವ ಪುಣೆಯ ಜಾತಿ ಮೊದಲಾದುವಕ್ಕೆ ಕಣಜದ ಹಂಗಿಲ್ಲ, ಪರಾಗವಿಲ್ಲದೆಯೇ ಹಣ್ಣಾಗುತ್ತವೆ. ಆದುದರಿಂದ ಅತ್ತಿಯ ಹಣ್ಣನ್ನು ಬಿಡಿಸಿದಾಗ ಕಾಣುವ ಹುಳುಗಳನ್ನು ನೆನೆದು ಹಿತ್ತಿಲಿನ ಅಂಜೂರವನ್ನು ತಿನ್ನಲು ಅಂಜಬೇಕಾದುದಿಲ್ಲ. ಆದರೆ ಪರಾಗವಿಲ್ಲದೆ ಆದ ಹಣ್ಣಿನ ಬೀಜವು ಜೊಳ್ಳು; ಅದು ಮೊಳೆಯದು. ಒಣ ಸ್ಮಿರ್ನಾ ಹಣ್ಣಿನ ಬೀಜವು ಮೊಳೆತರೂ ಮೊಳೆಯಬಹುದು. ಆದರೆ ಹುಟ್ಟಿದ ಗಿಡವು ತಾಯಿಯ ಗುಣವನ್ನು ಹೋಲದು, ಅರ್ಧದಷ್ಟು ಗಿಡಗಳು ತಿನ್ನತಕ್ಕ ಹಣ್ಣನ್ನೇ ಕೊಡವು, ಉಳಿದುವುಗಳಲ್ಲಿಯೂ ಹಲವಕ್ಕೆ ಆ ಕಣಜವಿಲ್ಲದೆ ಫಲವಿಲ್ಲ. ಕಡ್ಡಿಯೊಂದೇ ನೆಚ್ಚತಕ್ಕ ದಾರಿ.

ಈ ದಾರಿ ಬಹಳ ಹಳೆಯದು. ಜೋರ್ಡಾನ್ ಕಣಿವೆಯಲ್ಲಿ ಜೆರಿಕೋ ನಗರದ ಹತ್ತಿರ ಗಿಲ್ಗಾಲ್ ಎಂಬಲ್ಲಿ ದೊರೆತ, ಸುಟ್ಟು ಕರಿಕಾಗಿದ್ದ ಒಂಬತ್ತು ಸಣ್ಣ ಅಂಜೂರಗಳನ್ನು ಪರೀಕ್ಷಿಸಿದ ವಿದ್ವಾಂಸರು, ಅವು ೧೧,೦೦೦ ವರ್ಷಗಳಿಗೂ ಹಿಂದಿನವು, ಬೀಜ ಕಟ್ಟದ ಜಾತಿಯವು, ಆದುದರಿಂದ ಮನುಷ್ಯನೇ ಕಡ್ಡಿ ನೆಟ್ಟು ಬೆಳೆಸಿದವು ಎಂದು ೨೦೦೬ರಲ್ಲಿ ಪ್ರಕಟಿಸಿದರು. ಅಂತಹ ಹಣ್ಣು ಕಾಡಿನ ಮರದಲ್ಲಿಯೂ ಆಗಬಹುದೆಂದು ಬೇರೆ ಕೆಲವರು ಆಕ್ಷೇಪಿಸಿದ್ದಾರೆ. ಮೊದಲನೆಯವರ ಮಾತೇ ದಿಟವಾದರೆ, ಗೋದಿ ಬಿತ್ತುವುದಕ್ಕೂ ಮುಂಚೆಯೇ ಮನುಷ್ಯನು ಅಂಜೂರದ ಕಡ್ಡಿಯನ್ನು ನೆಡಲು ಕಲಿತಿದ್ದನೆಂದಾಯಿತು. ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸಿನವನಾದ ಡೊಮಿಂಗೊ ಪಾಯೆಸನು ಅಲ್ಲಿಯ ದ್ರಾಕ್ಷಿ ದಾಳಿಂಬೆಗಳ ಅಗ್ಗವನ್ನು ಬರೆದಿಟ್ಟಿದ್ದಾನೆ. ಹಂಪೆಯ ಬಯಲಿನಲ್ಲಿ ಅರಸರ ಕಾಲದ ಕಾಲುವೆಗಳು ಇಂದಿಗೂ ತೋಟಗಳಿಗೆ ನೀರುಣ್ಣಿಸುತ್ತಿವೆ. ಈಚಿನ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಂ ಅಂಜೂರವೂ, ನಮ್ಮ ಬಳ್ಳಾರಿಯ ಅಂಜೂರವೂ ಹೆಸರು ಪಡೆದುವು. ಪುಣೆಯ ಕಡೆಯ ಪುರಂದರದ ಅಂಜೂರಕ್ಕೆ ೨೦೧೬ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಒಣ ಹವೆಯೂ ಬಿಸಿಲೂ ಅಂಜೂರಕ್ಕೆ ಹಿತವಾದುದರಿಂದ, ಹೊಸಪೇಟೆ, ಸಂಡೂರು, ಕಂಪ್ಲಿಗಳ ಗೃಹಿಣಿಯರು ಈ ಗಿಡಕ್ಕೆ ಹೆದರಬೇಕಾದ ಕಾರಣವಿಲ್ಲ.

ಇನ್ನು ಕ್ರಮವನ್ನು ಹೇಳುತ್ತೇವೆ. ಕಾಲವು ಮಾರ್ಗಶಿರ ಪುಷ್ಯಗಳು. ಚಳಿಗೆ ಎಲೆಗಳು ಉದುರಿ, ಕಣ್ಣುಗಳು ಇನ್ನೂ ಮಲಗಿರುವ ಸಮಯವದು. ನಮ್ಮ ಸೀಮೆಯಲ್ಲಿ ಎಲೆ ಪೂರ್ತಿಯಾಗಿ ಉದುರದಿದ್ದರೂ ಬೆಳವಣಿಗೆಯು ನಿಂತಿರುತ್ತದೆ. ಅದನ್ನು ಬಿಟ್ಟರೆ, ಮರವನ್ನು ಸವರುವಾಗ ಬೀಳುವ ಕಡ್ಡಿಗಳನ್ನು ಬಳಸಬಹುದು. ತೀರ ಎಳೆಯ ಹಸುರು ಕೊಂಬೆ ಬೇಡ, ಬಹಳ ಮುದಿಯಾದುದೂ ಬೇಡ; ಕಳೆದ ವರ್ಷ ಬೆಳೆದು ಬೂದುಬಣ್ಣಕ್ಕೆ ತಿರುಗಿದ, ಸೀಸದಕಡ್ಡಿಯಿಂದ ಹೆಬ್ಬೆರಳಿನವರೆಗಿನ ದಪ್ಪದ ಕೊಂಬೆಯು ಉತ್ತಮ. ಉದ್ದವು ೨೦ರಿಂದ ೨೫ ಸೆಂಟಿಮೀಟರು, ಅಂದರೆ ಸುಮಾರು ಒಂದು ಗೇಣು. ಅದರಲ್ಲಿ ನಾಲ್ಕೈದು ಗಿಣ್ಣುಗಳಿರಬೇಕು. ಕೆಳಗಿನ ಕೊಯ್ತವನ್ನು ಗಿಣ್ಣಿನ ಕೆಳಗೇ ನೇರವಾಗಿಯೂ, ಮೇಲಿನದನ್ನು ಗಿಣ್ಣಿಗಿಂತ ಒಂದು ಬೆರಳು ಮೇಲಕ್ಕೆ ಓರೆಯಾಗಿಯೂ ಕೊಯ್ಯತಕ್ಕದ್ದು. ಹೀಗೆ ಮಾಡಿದರೆ ತಲೆ ಯಾವುದು ಬುಡ ಯಾವುದು ಎಂಬ ಭ್ರಾಂತಿಯಾಗದು. ತಲೆಕೆಳಗಾಗಿ ನೆಟ್ಟ ಕಡ್ಡಿಯು ಸರಿಯಾಗಿ ಬೆಳೆಯಲಾರದು. ಕತ್ತಿಯು ಹರಿತವಾಗಿ ಶುಚಿಯಾಗಿರಲಿ. ಕೊಂಬೆ ಜಜ್ಜಿಹೋದರೆ ಕೊಳೆಯುತ್ತದೆ.

ಇಲ್ಲಿ ತಾಯಂದಿರಿಗೆ ಒಂದು ಎಚ್ಚರಿಕೆ. ಕೊಯ್ದಲ್ಲಿ ಸುರಿಯುವ ಬಿಳಿಯ ಹಾಲು ಚರ್ಮಕ್ಕೆ ಒಳ್ಳೆಯದಲ್ಲ. ಅದು ತಗುಲಿದ ಕೈಗೆ ಬಿಸಿಲು ಬಿದ್ದರೆ ಉರಿಯೂ ಗುಳ್ಳೆಯೂ ಏಳುವುದುಂಟು. ಕಣ್ಣಿಗೆ ಬಿದ್ದರೆ ಇನ್ನೂ ಕೆಡುಕು. ಕೈಚೀಲ ತೊಟ್ಟು ಕೆಲಸ ಮಾಡಿ, ಆಮೇಲೆ ಸಾಬೂನಿನಿಂದ ತೊಳೆದುಕೊಳ್ಳಿರಿ. ಮಕ್ಕಳನ್ನು ಹತ್ತಿರಕ್ಕೆ ಬಿಡಬೇಡಿರಿ. ಹಾಲನ್ನು ಒರಸಿ, ಗಾಯವು ಆರುವಂತೆ ಕಡ್ಡಿಗಳನ್ನು ಒಂದು ರಾತ್ರಿ ನೆರಳಿನಲ್ಲಿಡಿರಿ. ಕೂಡಲೆ ನೆಡಲು ಅನುಕೂಲವಿಲ್ಲದಿದ್ದರೆ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, ತಣ್ಣನೆಯ ಪೆಟ್ಟಿಗೆಯಲ್ಲಿ ಎರಡು ಮೂರು ವಾರ ಕಾಪಾಡಬಹುದು.

ಕುಂಡದ ತಳದಲ್ಲಿ ತೂತು ಇರಲೇಬೇಕು. ತೊಳೆದ ದಪ್ಪ ಮರಳು ಎರಡು ಪಾಲು, ಪೂರ್ತಿಯಾಗಿ ಕಳಿತು ಮಣ್ಣಿನ ವಾಸನೆ ಬರುವ ಗೊಬ್ಬರ ಒಂದು ಪಾಲು ಬೆರಸಿ ತುಂಬಿರಿ. ಗೊಬ್ಬರಕ್ಕೆ ಬದಲಾಗಿ ತೆಂಗಿನ ನಾರಿನ ಪುಡಿಯಾದರೂ ಆದೀತು. ಕಡ್ಡಿಯ ಮೂರರಲ್ಲಿ ಎರಡು ಪಾಲು ಒಳಗಿದ್ದು, ಒಂದೆರಡು ಕಣ್ಣುಗಳು ಮಾತ್ರ ಮೇಲಿರಲಿ. ಬೇರು ಬರಿಸುವ ಪುಡಿಯು ಅಂಗಡಿಗಳಲ್ಲಿ ದೊರೆಯುವುದಾದರೂ ಅಂಜೂರಕ್ಕೆ ಅದು ಅವಶ್ಯವಲ್ಲ. ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರೆರೆದು, ಸೋರಿಹೋಗಲು ಬಿಡಿರಿ. ತರುವಾಯ ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿನಲ್ಲಿಳಿಸಿ, ಒಣಗಿದೆಯೆಂದು ತೋರಿದಾಗ ಮಾತ್ರ ನೀರು, ಗಡಿಯಾರ ನೋಡಿಯಲ್ಲ. ಬೆಳಕಿದ್ದು ನೇರ ಬಿಸಿಲು ಬೀಳದ ಪಡಸಾಲೆ ಒಳ್ಳೆಯ ಸ್ಥಳ. ನಮ್ಮ ಒಣಗಾಳಿಗೆ ಕಡ್ಡಿಯ ತಲೆ ಬಾಡದಂತೆ, ಬುಡ ಕತ್ತರಿಸಿದ ಪ್ಲಾಸ್ಟಿಕ್ ಸೀಸೆಯನ್ನು ಕವಿಚಿ ಮುಚ್ಚಿ, ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಿರಿ.

ಎರಡು ಮೂರು ವಾರಗಳಲ್ಲಿ ಎಲೆ ಬಂದೀತು. ಆಗ ಹಿಗ್ಗಬೇಡಿರಿ. ಬೇರು ಬರಲು ನಾಲ್ಕರಿಂದ ಎಂಟು ವಾರಗಳು ಬೇಕು. ಬಂದಿದೆಯೇ ಎಂದು ಕಿತ್ತು ನೋಡುವುದು ಮಹಾಪರಾಧ; ಹೊಸ ಬೇರು ಮಜ್ಜಿಗೆಯ ಕೆನೆಗಿಂತ ಮೃದು, ಮುಟ್ಟಿದರೆ ಮುರಿದೀತು. ಪಾರದರ್ಶಕವಾದ ಲೋಟದಲ್ಲಿ ನೆಟ್ಟು, ಹೊರಗೆ ಕರಿಯ ಕಾಗದ ಸುತ್ತಿ, ವಾರಕ್ಕೊಮ್ಮೆ ಕಾಗದವನ್ನು ಸರಿಸಿ ನೋಡಿದರೆ ಬಿಳಿಯ ಬೇರು ತಾನಾಗಿಯೇ ಕಾಣುತ್ತದೆ. ಅದಿಲ್ಲದಿದ್ದರೆ ಎರಡನೆಯ ಸಲದ ಚಿಗುರನ್ನು ಕಾಯಬೇಕು. ಮೊದಲ ಎಲೆಗಳು ನಿಂತು, ಅವುಗಳ ಮೇಲೆ ಮತ್ತೆ ಹೊಸ ಎಲೆಗಳು ಬಲವಾಗಿ ಹೊರಟರೆ, ಕೆಳಗೆ ಬೇರು ಕೆಲಸಕ್ಕೆ ತೊಡಗಿದೆಯೆಂದು ನಂಬಬಹುದು. ಆಮೇಲೆ ಸೀಸೆಯನ್ನು ದಿನದಿನಕ್ಕೆ ಹೆಚ್ಚು ಹೊತ್ತು ತೆಗೆದಿಟ್ಟು, ಬೆಳಗಿನ ಎಳೆಬಿಸಿಲನ್ನು ಮೊದಲು ಅರ್ಧಗಂಟೆ, ಬಳಿಕ ಒಂದು ಗಂಟೆ, ಹೀಗೆ ಅಭ್ಯಾಸ ಮಾಡಿಸತಕ್ಕದ್ದು. ಮೊದಲ ಬೇಸಗೆಯ ನಡುಹಗಲಿನ ಬಿಸಿಲಿಗೆ ಒಡ್ಡಲೇಬಾರದು.

ಈ ಕ್ರಮವನ್ನೆಲ್ಲ ಕಲಿತೆವು ಸರಿ; ಮರವೇ ಇಲ್ಲದ ಮೇಲೆ ಕಲಿತು ಫಲವೇನು? ಮರುವರ್ಷ ಫಾಲ್ಗುಣದಲ್ಲಿ ಅವ್ವನವರ ತಿಥಿಗೆಂದು ಗಾದಿಗನೂರಿಗೆ ಹೋಗಿದ್ದೆವು. ಹಿಂದೆ ಮನೆಗೆ ಹಾಲು ಹಾಕುತ್ತಿದ್ದ ಅಜ್ಜಿಯೊಬ್ಬರು ಈಗ ಪಾಪಿನಾಯಕನಹಳ್ಳಿಯಲ್ಲಿ ಮಗಳ ಮನೆಯಲ್ಲಿರುವರು. ಅವರೂ ಬಂದರು. ಮುತ್ತುಗದ ಎಲೆಯಲ್ಲಿ ಸುತ್ತಿದ ಎಂಟು ಅಂಜೂರದ ಹಣ್ಣುಗಳನ್ನು ಅವ್ವನವರ ಪಟದ ಮುಂದಿಟ್ಟು, "ನಿಮ್ಮವ್ವನ ಗಿಡದ ಹಣ್ಣು ತಾಯೀ. ಮಗಳ ಬಾಣಂತನದಾಗ ಹಣ್ಣು ಕೇಳಾಕ ಬಂದಿದ್ದೆ. ಹಣ್ಣೂ ಕೊಟ್ಟು, ಒಂದು ಟೊಂಗಿ ಮುರುದು ಕೊಟ್ಟು, ವರ್ಷಾ ಯಾಕ ಕೇಳತೀ, ಹಚ್ಚಿಕೋ ಅಂದಿದ್ರು" ಎಂದರು. ತಮ್ಮನು ಎದ್ದು ಒಳಗೆ ಹೋದನು. ಒಂದು ಹಣ್ಣನ್ನು ಬಿಡಿಸಿ ಬಾಯಿಗಿಟ್ಟುಕೊಂಡಾಗ ನಮಗೆ ಸಂದೇಹವೇ ಉಳಿಯಲಿಲ್ಲ.

ಕಡ್ಡಿಯಿಂದ ಆದ ಗಿಡವನ್ನು ಮಗಳೆಂದು ಕರೆಯುವುದು ವಾಡಿಕೆ. ವಿಚಾರಿಸಿ ನೋಡಿದರೆ ಅದು ಮಗಳೂ ಅಲ್ಲ. ಬೇರೆ ಪರಾಗ ಸೇರದೆ, ತಾಯಿಯ ಮೈಯ ತುಂಡೇ ಬೇರು ಬಿಟ್ಟು ನಿಂತುದರಿಂದ, ಅದು ಅದೇ ಮರ. ಅವ್ವನವರು ಬಚ್ಚಲ ಬಳಿ ಬೆಳೆಸಿದ ಮರವು ಕಡಿಯಲ್ಪಟ್ಟ ದಿನವೂ ಪಾಪಿನಾಯಕನಹಳ್ಳಿಯಲ್ಲಿ ನಿಂತೇ ಇತ್ತು. ನಮಗೆ ತಿಳಿದಿರಲಿಲ್ಲ, ಅಷ್ಟೆ.

ಆ ಸಲ ನಾವು ಆತುರಪಡಲಿಲ್ಲ. ಮಾರ್ಗಶಿರದವರೆಗೆ ಕಾದು, ಹನ್ನೆರಡೇ ಕಡ್ಡಿಗಳನ್ನು ಬೇಡಿ ತಂದು, ಮೇಲೆ ಹೇಳಿದಂತೆ ನೆಟ್ಟೆವು. ಮೂರು ಕೊಳೆತುವು, ಒಂಬತ್ತು ಬದುಕಿದುವು. ಈ ಸಲ ಎರಡನೆಯ ಚಿಗುರು ಗಟ್ಟಿಯಾಗುವವರೆಗೆ ಯಾರಿಗೂ ತಿಳಿಸಲಿಲ್ಲ.

ಬೇರುಗೊಂಡ ಗಿಡವನ್ನು ಮುಂಗಾರು ನೆಲವನ್ನು ತಣಿಸಿದ ಮೇಲೆ ನೆಲಕ್ಕಿಳಿಸಬೇಕು. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಕೆಲವು ದಿನ ಬಿಸಿಲಿಗೆ ಬಿಟ್ಟು, ಮಣ್ಣಿಗೆ ಕಳಿತ ಗೊಬ್ಬರವನ್ನೂ ಒಂದೆರಡು ಹಿಡಿ ಬೇವಿನ ಹಿಂಡಿಯನ್ನೂ ಬೆರಸಿ ತುಂಬಿರಿ. ಕರಿಮಣ್ಣಾದರೆ ಮರಳು ಬೆರಸಿ, ನೆಲವನ್ನು ಸ್ವಲ್ಪ ದಿಬ್ಬ ಮಾಡಿ ನೆಡಿರಿ, ನೀರು ನಿಲ್ಲಬಾರದು. ಗೋಡೆಯಿಂದಲೂ ನೀರಿನ ಕೊಳವೆಯಿಂದಲೂ ಹತ್ತು ಹನ್ನೆರಡು ಅಡಿ ದೂರವಿರಲಿ, ಇದರ ಬೇರು ನೀರನ್ನು ಹುಡುಕಿಕೊಂಡು ಹೋಗುವಂತಹುದು. ನೆಲವಿಲ್ಲದವರು ಒಂದೂವರೆ ಅಡಿ ಅಗಲದ ಕುಂಡದಲ್ಲಿ ಮಾಳಿಗೆಯ ಮೇಲೆಯೂ ಬೆಳೆಸಬಹುದು. ಎರಡನೆಯ ಅಥವಾ ಮೂರನೆಯ ವರ್ಷ ಹಣ್ಣು ಕಂಡೀತು. ಹಣ್ಣು ಬಹುಮಟ್ಟಿಗೆ ಹೊಸ ಚಿಗುರಿನಲ್ಲಿ ಬಿಡುವುದರಿಂದ ವರ್ಷಕ್ಕೊಮ್ಮೆ ಸವರುವುದು ಲಾಭಕರ. ಕಾಯಿ ಬಲಿಯುವಾಗ ಒಂದು ವಾರ ಬತ್ತಿಸಿ ಒಮ್ಮೆಲೆ ತುಂಬ ನೀರೆರೆದರೆ ಹಣ್ಣು ಸೀಳುತ್ತದೆ. ಕಿತ್ತ ಮೇಲೆ ಅಂಜೂರವು ಮಾವಿನಂತೆ ಮಾಗದು. ತೊಟ್ಟಿನ ಬಳಿ ಬಾಗಿ, ಮುಟ್ಟಿದರೆ ಮೆತ್ತಗಾದ ಮೇಲೆಯೇ ಕೀಳಿರಿ. ಗಿಳಿಗಳ ಪಾಲನ್ನು ಬಿಟ್ಟು ಉಳಿದ ಕಾಯಿಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಬಹುದು.

ರೋಗಗಳಲ್ಲಿ ಮುಖ್ಯವಾದುದು ತುಕ್ಕು. ಎಲೆಯ ಅಡಿಯಲ್ಲಿ ಕಿತ್ತಳೆಬಣ್ಣದ ಪುಡಿಯು ಕಂಡು ಎಲೆಯುದುರುತ್ತದೆ. ಉದುರಿದ ಎಲೆಗಳನ್ನು ಗುಡಿಸಿ ನಾಶಮಾಡಿರಿ. ಹೆಚ್ಚಾದರೆ, ಲೀಟರಿಗೆ ೧೦ ಗ್ರಾಂ ಮೈಲುತುತ್ತ, ೧೦ ಗ್ರಾಂ ಸುಣ್ಣದ ಪ್ರಮಾಣದಲ್ಲಿ, ಬೇರೆ ಬೇರೆಯಾಗಿ ಕರಗಿಸಿ ಬೆರಸಿದ ಬೋರ್ಡೋ ದ್ರಾವಣವನ್ನು ಅಂದೇ ಎರಚಬೇಕು. ಲೋಹದ ಪಾತ್ರೆ ಬೇಡ, ಹಣ್ಣು ಮಾಗುವ ಕಾಲದಲ್ಲಿ ಬೇಡ. ಬೇರಿನಲ್ಲಿ ಗಂಟು ಕಟ್ಟುವ ಸೂಕ್ಷ್ಮ ಜಂತುಗಳ ಬಾಧೆಗೆ ಬೇವಿನ ಹಿಂಡಿಯೂ, ಬುಡದ ಸುತ್ತ ಬೆಳೆಸಿದ ಚೆಂಡುಹೂವೂ ತಕ್ಕಮಟ್ಟಿಗೆ ತಡೆ. ಹೆದ್ದಾರಿಯ ಬಳಿಯಿರುವವರು ಎಲೆಯ ಮೇಲೆ ಕುಳಿತ ಕೆಂಧೂಳನ್ನು ವಾರಕ್ಕೊಮ್ಮೆ ನೀರಿನಿಂದ ತೊಳೆಯಲಿ, ಗಿಡವೂ ಉಸಿರಾಡಬೇಕಷ್ಟೆ.

ನಮ್ಮ ಒಂಬತ್ತು ಗಿಡಗಳಲ್ಲಿ ಒಂದು ಗಾದಿಗನೂರಿನಲ್ಲಿ ತಮ್ಮನ ಹೊಸ ಕೋಣೆಯ ಮುಂದಿನ ಅಂಗಳದಲ್ಲಿದೆ. ಈ ವರ್ಷ ಶಿವರಾತ್ರಿಯ ಮರುದಿನ ಅವನ ಮಗಳು ಮೊದಲ ಹಣ್ಣನ್ನು ಕಿತ್ತಳು. ಒಂದು ನಮ್ಮಲ್ಲಿ ಉಳಿಯಿತು. ಏಳನ್ನು ಬೇರೆ ಬೇರೆ ಊರುಗಳಿಗೆ ಕೊಟ್ಟೆವು. ಔದಾರ್ಯದಿಂದ ಕೊಟ್ಟೆವೆಂದು ಸೋದರಿಯರು ತಿಳಿಯಬಾರದು. ಪೆಟ್ಟು ತಿಂದವರ ಮುನ್ನೆಚ್ಚರಿಕೆಯದು. ಒಂದೇ ಮನೆಯ ಒಂದೇ ಗಿಡವನ್ನು ನೆಚ್ಚಿಕೊಂಡರೆ ಏನಾಗುವುದೆಂಬುದನ್ನು ನಾವು ಕಂಡಿದ್ದೇವೆ. ನಿಮ್ಮ ಹಿತ್ತಿಲಿನಲ್ಲಿ ಹಿರಿಯರು ನೆಟ್ಟ ಗಿಡವೇನಾದರೂ ಇದ್ದರೆ, ಅದು ಚೆನ್ನಾಗಿರುವಾಗಲೇ ಒಂದೆರಡು ಕಡ್ಡಿಗಳನ್ನು ನೆರೆಮನೆಗೆ ಕೊಟ್ಟಿಡಿರಿ. ಯಾರಿಗೆ ಕೊಟ್ಟಿರೆಂಬುದನ್ನು ಮಕ್ಕಳಿಗೂ ಹೇಳಿಡಿರಿ; ನಮ್ಮ ಅವ್ವನವರು ಅದೊಂದನ್ನು ಮರೆತರು.

ಮುಂದಿನ ಸಂಚಿಕೆಯಲ್ಲಿ ಕರಿಬೇವಿನ ಸಸಿಯನ್ನು ಕುಂಡದಲ್ಲಿ ಬೆಳೆಸುವ ವಿಚಾರವನ್ನು ಬರೆಯುತ್ತೇವೆ.